ಕಾವಲಿಟ್ಟ ಅಂಕಿ, ಸೊಟ್ಟಾದ ಹಂಚು

ಹೋದ ತಿಂಗಳು ತಮ್ಮನ ಮಗನ ಜವಳಕ್ಕೆಂದು ಖಾನಾಪುರಕ್ಕೆ ಹೋಗಿದ್ದೆ. ಊಟ ಮುಗಿಸಿ ಸ್ಟೇಷನ್ ಕಡೆ ಸುಮ್ಮನೆ ನಡೆಯುತ್ತಿದ್ದಾಗ ಯಾರದೋ ಹಿತ್ತಲಲ್ಲಿ ಹೊಸ ಮಣ್ಣಿನ ಒಲೆಗೆ ಮೊದಲ ಬೆಂಕಿ ಹಚ್ಚಿದ್ದರು. ಹಸಿ ಮಣ್ಣು ಮೊದಲ ಸಲ ಕಾಯುವಾಗ ಒಂದು ವಾಸನೆ ಬರುತ್ತದೆ. ಮೂಗಿಗೆ ಸಿಹಿ, ಗಂಟಲಿಗೆ ಇಳಿದರೆ ಕಮಟು. ಅದು ತಾಗಿದ್ದೇ ತಡ, ನನ್ನ ಕಾಲುಗಳು ಬೇಗ ಬೇಗ ಬೀಳತೊಡಗಿದವು. ಹಿಡಿಯಬೇಕಾದ ಗಾಡಿ ಯಾವುದೂ ಇರಲಿಲ್ಲ. ಮಂಡಿ ಬೇರೆ ನೋಯುತ್ತದೆ. ಆದರೂ ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಹೊರಟಿದ್ದೆ. ಆ ಒಂದು ಬೇಸಿಗೆಯ ಅವಸರ ಇನ್ನೂ ಮೈಯಲ್ಲಿ ಉಳಿದಿದೆ ಎಂದು ಗೊತ್ತಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಇಸವಿ ಎರಡು ಸಾವಿರದ ಆಚೀಚೆ. ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಕಂಪನಿ ಸೇರಿದ್ದೆ. ಕಂಪನಿ ಎಂದರೆ ಒಂದು ಫೌಂಡ್ರಿಯ ಮಾಳಿಗೆಯ ಮೇಲೆ ಮೂರು ಕೋಣೆ, ಐದು ಕಂಪ್ಯೂಟರು, ಆರು ಜನ. ಕೆಳಗೆ ಕಬ್ಬಿಣ ಎರಕ ಹೊಯ್ಯುವ ಹೊತ್ತಿಗೆ ಮೇಲೆ ನಮ್ಮ ಕುರ್ಚಿಗಳು ಬಿಸಿಯಾಗುತ್ತಿದ್ದವು. ಭಟ್ಟಿಗಳ ಶಾಖವನ್ನು ಹತೋಟಿಯಲ್ಲಿಡುವ ಪುಟ್ಟ ಪೆಟ್ಟಿಗೆಗಳನ್ನು ನಾವು ತಯಾರಿಸುತ್ತಿದ್ದೆವು. ಪೆಟ್ಟಿಗೆಯೊಳಗೆ ಒಂದು ಚಿಪ್, ಚಿಪ್ಪಿನೊಳಗೆ ನಾವು ಬರೆದ ಪ್ರೋಗ್ರಾಮು. ಆ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಹುಡುಕಿಕೊಡಲು ಇನ್ನೊಂದು ಪ್ರೋಗ್ರಾಮು ಬೇಕು, ಅದೇ ಡಿಬಗ್ಗರ್. ನಮ್ಮ ಸಾಹೇಬರು ಅದನ್ನು ಹೊರಗಿನಿಂದ ತರಿಸದೆ ತಾವೇ ಕೂತು ಬರೆದಿದ್ದರು. ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ನನ್ನ ಕೆಲಸ. "ತಪ್ಪು ಹುಡುಕಾಂವನ ತಪ್ಪು ಹುಡುಕಾಕಿ" ಎಂದು ಮಲ್ಲಿಕಾರ್ಜುನ ನನ್ನನ್ನು ಕಾಡಿಸುತ್ತಿದ್ದ.

ಮಲ್ಲಿಕಾರ್ಜುನ ನನ್ನ ಪಕ್ಕದ ಟೇಬಲ್ಲಿನವನು, ಸಾಂಬ್ರಾದಿಂದ ಬಸ್ಸು ಬದಲಿಸಿ ಬರುತ್ತಿದ್ದ. ಭಟ್ಟಿಯ ಪೆಟ್ಟಿಗೆಗೆ ಪ್ರೋಗ್ರಾಮು ಬರೆಯುವುದು ಅವನ ಪಾಲು. ಅವನ ಅಪ್ಪ ಈರಪ್ಪ ಬೇರೊಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮಾಡುವವರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಿಕೊಡುವ ಕೆಲಸ ಅದು. ಮರದಲ್ಲಿ ಒಂದು ಕೂದಲೆಳೆ ತಪ್ಪಿದರೆ ಸಾವಿರ ಕಬ್ಬಿಣದ ತುಂಡು ತಪ್ಪುತ್ತವೆ. ಮೂವತ್ತು ವರ್ಷದಲ್ಲಿ ಅಪ್ಪನ ಒಂದು ಪ್ಯಾಟರ್ನೂ ವಾಪಸ್ ಬಂದಿಲ್ಲ ಎಂದು ಮಲ್ಲು ಹೇಳುವಾಗ ಅವನ ಎದೆ ಎರಡು ಇಂಚು ಉಬ್ಬುತ್ತಿತ್ತು. ಅವನು ಸೇರಿ ಎಂಟು ತಿಂಗಳಾಗಿತ್ತು, ಕಾಯಂ ಆಗುವುದು ಆ ಜೂನಿನಲ್ಲಿ.

ಡಿಬಗ್ಗರಿನಲ್ಲಿ ನನಗೆ ಇಷ್ಟವಾದದ್ದು ಕಾವಲು. ಪ್ರೋಗ್ರಾಮು ಎಷ್ಟೋ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡಿರುತ್ತದೆ. ಅವುಗಳಲ್ಲೊಂದನ್ನು ತೋರಿಸಿ, ಇದರ ಮೇಲೆ ಕಣ್ಣಿಡು, ಯಾರಾದರೂ ಮುಟ್ಟಿದರೆ ಅಲ್ಲೇ ನಿಲ್ಲಿಸು ಎಂದು ಡಿಬಗ್ಗರಿಗೆ ಹೇಳಬಹುದು. ಆಮೇಲೆ ಪ್ರೋಗ್ರಾಮನ್ನು ಒಂದೊಂದೇ ಸಾಲು ನಡೆಸುತ್ತ ಹೋಗಬೇಕು. ಹೀಗೆ ನಡೆಸುವುದರಲ್ಲಿ ಎರಡು ಬಗೆ. ಒಂದು ಸಾಲು ಬೇರೆ ಎಲ್ಲೋ ಬರೆದಿಟ್ಟ ಕೆಲಸವನ್ನು ಕರೆದರೆ, ಅದರ ಹೊಟ್ಟೆಯೊಳಗೆ ಇಳಿದು ಅಲ್ಲಿಯೂ ಸಾಲು ಸಾಲಾಗಿ ನೋಡುವುದು ಒಂದು. ಒಳಗಿಳಿಯದೆ, ಮುಗಿಸಿಕೊಂಡು ಬಾ ಎಂದು ಹೇಳಿ ಮೇಲಿಂದಲೇ ದಾಟಿಬಿಡುವುದು ಇನ್ನೊಂದು. ನನ್ನಂಥವರಿಗೆ ಎರಡನೆಯದೇ ಪ್ರೀತಿ.

ನನ್ನ ಸ್ವಭಾವ ಹೇಳಿಬಿಡುತ್ತೇನೆ. ಕೂತಲ್ಲಿ ಕೂರದವಳು. ಖಾನಾಪುರದ ಮನೆಯಿಂದ ಬೆಳಗಾವಿಗೆ ದಿನಾ ರೈಲಿನ ಓಡಾಟ, ಸಂಜೆಯ ಪ್ಯಾಸೆಂಜರ್ ತಪ್ಪಿದರೆ ಕಿಕ್ಕಿರಿದ ಬಸ್ಸೇ ಗತಿ. ನಾಲ್ಕೂವರೆ ಆಯಿತೆಂದರೆ ಟೇಬಲ್ಲಿನ ಕೆಳಗೆ ನನ್ನ ಕಾಲು ಕುಣಿಯತೊಡಗುತ್ತಿತ್ತು. ಡಿಬಗ್ಗರ್ ಪರೀಕ್ಷೆಯ ಪಟ್ಟಿಯಲ್ಲಿ ಅರವತ್ತು ಚಿಲ್ಲರೆ ಬಾಬುಗಳಿದ್ದವು. ಒಂದೊಂದನ್ನೂ ಮಾಡಿ ನೋಡಿ, ಮುಂದೆ 'ಸರಿ' ಎಂದು ಬರೆದು ಸಹಿ ಹಾಕಬೇಕು. ಕಾವಲಿಟ್ಟು ಒಳಗಿಳಿದು ನಡೆಸುವುದನ್ನು ಮಾಡಿ ನೋಡಿದೆ. ಅಂಕಿ ಬದಲಾದ ಸಾಲಿನಲ್ಲೇ ಡಿಬಗ್ಗರ್ ನಿಂತಿತು. ಅದರ ಕೆಳಗಿನ ಬಾಬು, ಕಾವಲಿಟ್ಟು ಮೇಲಿಂದ ದಾಟುವುದು. ಗಡಿಯಾರ ನೋಡಿದೆ. ಇಳಿದಾಗ ಸರಿ ಇದ್ದದ್ದು ದಾಟಿದಾಗ ಏನು ಕೆಡುತ್ತದೆ ಎಂದುಕೊಂಡು ಅಲ್ಲಿಯೂ 'ಸರಿ' ಎಂದು ಬರೆದು, ಸಹಿ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಗಾಡಿ ಸಿಕ್ಕಿತು, ಕೂರಲು ಕಿಟಕಿಯ ಜಾಗವೂ ಸಿಕ್ಕಿತು.

ಮಾರ್ಚಿನಲ್ಲಿ ಮಲ್ಲು ಪ್ರೋಗ್ರಾಮು ಬರೆದ ಮೊದಲ ಪೆಟ್ಟಿಗೆ ಖಾನಾಪುರದ ಒಂದು ಹಂಚಿನ ಕಾರ್ಖಾನೆಗೆ ಹೋಯಿತು. ಮಳೆ ಹಿಡಿಯುವುದರೊಳಗೆ ಸುತ್ತಲಿನ ಹಳ್ಳಿಗಳೆಲ್ಲ ಮಾಡು ಹೊದಿಸಿಕೊಳ್ಳಬೇಕು, ಹಾಗಾಗಿ ಆ ಮೂರು ತಿಂಗಳು ಅಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಶಾಖ ಎಷ್ಟಕ್ಕೆ ನಿಲ್ಲಬೇಕು ಎಂಬ ಅಂಕಿಯನ್ನು ಪೆಟ್ಟಿಗೆಗೆ ಒಮ್ಮೆ ಹೇಳಿದರೆ ಅದೇ ಗಾಳಿಯಂತ್ರವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿತ್ತು. ಎರಡು ಭಟ್ಟಿ ಚೆನ್ನಾಗಿ ಬೆಂದವು. ಮೂರನೆಯದರಲ್ಲಿ ಶಾಖ ಏರಿದ್ದು ನಿಲ್ಲಲೇ ಇಲ್ಲ. ತೆಗೆದಾಗ ಹಂಚುಗಳು ಹಪ್ಪಳದ ಹಾಗೆ ಸೊಟ್ಟಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಿಲ್ಲಬೇಕಾದ ಅಂಕಿ ನಡುವೆ ತಾನಾಗಿಯೇ ಬದಲಾಗಿತ್ತು. ಪೆಟ್ಟಿಗೆ ಬಿಚ್ಚಿ ನಮ್ಮಲ್ಲಿಗೆ ತಂದರು.

ಆ ದಿನ ಕೀಲಿಮಣೆಯ ಮುಂದೆ ಕೂತವಳು ನಾನೇ. ಭಟ್ಟಿ ಇಲ್ಲದ್ದರಿಂದ ಒಂದು ಗುಂಡಿ ತಿರುಗಿಸಿ ಸುಳ್ಳು ಶಾಖ ಏರಿಸುತ್ತ ಹೋದೆವು, ಆ ಅಂಕಿಯ ಮೇಲೆ ಕಾವಲಿಟ್ಟೆವು. ಹಿಂದೆ ಸಾಹೇಬರು ಕೈಕಟ್ಟಿ ನಿಂತಿದ್ದರು, ಪಕ್ಕದಲ್ಲಿ ಮಲ್ಲು. ಶಾಖವನ್ನು ಪೆಟ್ಟಿಗೆಯ ಮುಖದ ಮೇಲೆ ತೋರಿಸುವ ಕೆಲಸ ಬಂತು. ಅದು ಸಾಹೇಬರು ಎಷ್ಟೋ ವರ್ಷದ ಹಿಂದೆ ಬರೆದದ್ದು, ಎಲ್ಲ ಪೆಟ್ಟಿಗೆಗಳಲ್ಲೂ ಇದ್ದದ್ದು. ಅದರೊಳಗೇನು ಇಳಿಯುವುದು ಎಂದು ಪ್ರತಿ ಸಲವೂ ದಾಟುತ್ತಿದ್ದೆ. ಶಾಖ ಸಾವಿರ ಮುಟ್ಟಿದಾಗ ಇನ್ನೊಮ್ಮೆ ದಾಟಿದೆ. ಡಿಬಗ್ಗರ್ ನಿಂತಿತು. ಕಾವಲಿಟ್ಟ ಅಂಕಿ ಬದಲಾಗಿದೆ ಎಂದು ತೆರೆಯ ಮೇಲೆ ಬಂತು. ಬಾಣದ ಗುರುತು ಮಲ್ಲು ಬರೆದ ಸಾಲಿನ ಮೇಲೆ ನಿಂತಿತ್ತು. ಪೆಟ್ಟಿಗೆಯ ಬಟನ್ ಒತ್ತಿದರೆ ಆ ಅಂಕಿಯನ್ನು ತಿದ್ದುವ ಸಾಲೇ ಅದು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಮಲ್ಲು ಬಗ್ಗಿ ಆ ಸಾಲನ್ನು ಬೆರಳಿಟ್ಟು ಓದಿದ. ನಂತರ ಮೆಲ್ಲಗೆ, "ನಂದ ಸಾಲು ಐತ್ರಿ ಸರ್" ಎಂದ.

"ಕಾಣಸ್ತೈತಿ. ಒಂದ್ ಭಟ್ಟಿ ಹಂಚು ಹಾಳಾತು. ಸದ್ಯ ಮನ್ಯಾಗ ಇರು, ಏನ್ ಮಾಡೂದು ನೋಡಿ ಹೇಳಿ ಕಳಸ್ತೀನಿ" ಎಂದರು ಸಾಹೇಬರು. ಅವರು ಕೂಗಾಡುವವರಲ್ಲ. ಕೂಗಾಡಿದ್ದರೆ ಅವನು ಎದುರಾಡುತ್ತಿದ್ದನೇನೋ. ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋಗುವಾಗ ಅವನು ನನ್ನ ಹತ್ತಿರ ನಿಂತು, "ನಿನಗೂ ತ್ರಾಸ ಆತು, ಸಿಟ್ಟಾಗಬ್ಯಾಡ" ಎಂದ. ನಾನು ಇರಲಿ ಬಿಡು ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಅವನನ್ನು ಕ್ಷಮಿಸಿದ ಧಾಟಿಯಲ್ಲಿಯೇ ಹಾಗೆಂದಿದ್ದೆ.

ಆದರೆ ಅಂದಿನಿಂದ ನನಗೆ ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಏನೋ ಮರೆತು ಬಂದಿದ್ದೇನೆ ಎನ್ನಿಸುವುದು. ಗಾಡಿಯಲ್ಲಿ ಕೂತು ಡಬ್ಬಿ, ಪಾಸು, ಛತ್ರಿ ಎಲ್ಲ ತಡವಿ ನೋಡುವುದು, ಎಲ್ಲ ಇರುವುದು. ದೇಸೂರು ದಾಟುವಾಗ ಎದ್ದು ಬಾಗಿಲಿಗೆ ಹೋಗುವುದು, ಇದಲಹೊಂಡದಲ್ಲಿ ಮತ್ತೆ ಬಂದು ಕೂರುವುದು. "ನಿಂದೇನ ಇರಿವಿ ಹೊಕ್ಕಾವೇನ್ ಮೈಯಾಗ" ಎಂದು ಎದುರಿಗೆ ಕೂತ ಹೆಂಗಸು ಕೇಳಿದಳು. ಮಲ್ಲುವಿನ ಖಾಲಿ ಕುರ್ಚಿಯ ಕಡೆ ನೋಡಬಾರದೆಂದು ನನ್ನ ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿಕೊಂಡೆ.

ಪೆಟ್ಟಿಗೆ ಇಲ್ಲದ್ದರಿಂದ ಕಾರ್ಖಾನೆಯವರು ಭಟ್ಟಿಯನ್ನು ಮೊದಲಿನಂತೆ ಕಣ್ಣಳತೆಯಲ್ಲೇ ನಡೆಸುತ್ತಿದ್ದರು. ಹೇಗೂ ಆ ಊರಿನವಳು ಎಂದು ಸಾಹೇಬರು ಭಾನುವಾರ ನನ್ನನ್ನು ಅಲ್ಲಿಗೆ ಕಳಿಸಿದರು, ಭಟ್ಟಿಯ ಏರಿಳಿತ ಬರೆದುಕೊಂಡು ಬಾ ಎಂದು. ಭಟ್ಟಿ ನೋಡಿಕೊಳ್ಳುವ ನಾರಾಯಣ ಮಾಮಾ ಕರಿಯ, ಸಣಕಲು ಮನುಷ್ಯ. ಗೋಡೆಯಲ್ಲಿ ಒಂದು ಇಟ್ಟಿಗೆಯನ್ನು ಸಡಿಲ ಬಿಟ್ಟಿದ್ದರು. ತಾಸಿಗೊಮ್ಮೆ ಅದನ್ನು ಇಕ್ಕಳದಿಂದ ಎಳೆದು, ಒಳಗಿನ ಬೆಂಕಿಯ ಬಣ್ಣ ನೋಡಿ, ಮತ್ತೆ ಮುಚ್ಚಿ, ಒಂದು ವಹಿಯಲ್ಲಿ ಬರೆಯುವುದು ಅವರ ಕೆಲಸ. ಬೇಸಿಗೆಯ ಬಿಸಿಲು ಒಂದು ಕಡೆ, ಭಟ್ಟಿಯ ಝಳ ಇನ್ನೊಂದು ಕಡೆ, ಅವರು ಮಾತ್ರ ಮದುವೆಮನೆಯ ಚಪ್ಪರದಲ್ಲಿ ಕೂತವರ ಹಾಗೆ ಕೂತಿದ್ದರು.

"ಬಾ ಪೋರಿ, ಕುಂದರು" ಎಂದರು. "ನಿಮ್ಮ ಕಂಪನೀಂವ್ರು ಬಾಳ ಮಂದಿ ಬರಾಕತ್ತೀರಿ. ಮೊನ್ನಿ ಆ ಹುಡುಗನ ಅಪ್ಪ ಬಂದಿದ್ದ."

"ಯಾವ ಹುಡುಗನ ಅಪ್ಪ?"

"ಅದ ಮಾರಾಯ್ತಿ, ತಪ್ಪು ಬರದನಲ್ಲ, ಸಾಂಬ್ರಾದಾಂವ. ಅಪ್ಪ ಬಂದು ಆ ಸೊಟ್ಟ ಹಂಚಿನ ರಾಶಿ ಬಾಜು ನಿಂತ. ಮಾಲಕರು ಹೊರಗ ಬರೂತನಕ ಬಿಸಲಾಗ ನಿಂತಿದ್ದ. ನನ್ನ ಮಗ ಅಳತಿ ತಪ್ಯಾನ, ನಾ ಅಳತಿ ಕಲಿಸಿದಾಂವ, ಕ್ಷಮಾ ಮಾಡ್ರಿ ಅಂತ ಕನ್ನಡದಾಗ ಒಮ್ಮಿ, ಮರಾಠ್ಯಾಗ ಒಮ್ಮಿ ಹೇಳಿ ಎಲ್ಲಾರ ಮುಂದ ಕೈ ಮುಗದ. ಮಾಲಕರಿಗೇ ಹ್ಯಾಂಗೋ ಆತು. ಯಾರೂ ಕರದಿದ್ದಿಲ್ಲ ಅವನ್ನ."

ಕೆಲಸಕ್ಕೆ ಬಂದವಳು ಕೆಲಸ ಮಾಡೋಣ ಎಂದು ಅವರ ವಹಿ ಇಸಿದುಕೊಂಡೆ. ಬರೆದ ಬಗೆ ವಿಚಿತ್ರವಾಗಿತ್ತು. 'ಮೂರಕ್ಕೆ ಕೆಂಪು. ನಾಲ್ಕಕ್ಕೆ ಹಳದಿ ಕಂಡೆ.' ಪ್ರತಿಯೊಂದೂ ಹಾಗೆಯೇ, ಹಿಂದಿನ ಸಲ ನೋಡಿದ್ದು, ಈ ಸಲ ನೋಡಿದ್ದು, ಜೋಡಿಯಾಗಿ. ಹಳದಿಗೆ ತಿರುಗಿದ್ದು ನಾಲ್ಕು ಗಂಟೆಗೆ ಎಂದು ಬರೆದರೆ ಸಾಲದೇ ಎಂದು ಕೇಳಿದೆ. ನನ್ನ ದನಿಯಲ್ಲಿ ಅಸಹನೆ ಇತ್ತು.

"ನಾಕಕ್ಕ ನಾ ನೋಡೀನಿ, ಅಷ್ಟ. ತಿರಿಗಿದ್ದು ಯಾವಾಗೋ, ನನಗೇನ್ ಗೊತ್ತು? ನಡಕ ಇಟ್ಟಂಗಿ ಮುಚ್ಚಿತ್ತು. ನಾಕು ಅಂತ ಬರದ್ರ ನಾಕಕ್ಕ ಬಂದ ಪಾಳಿಯಂವನ ಕುತಗಿ ಹಿಡೀತಾರ. ಕಟಗಿ ಹೆಚ್ಚಿಗಿ ಹಾಕಿದಾಂವ ಮೂರೂವರಿಗೇ ಮನಿಗಿ ಹೋಗಿರ್ತಾನ."

ವಹಿ ನನ್ನ ಕೈಯಲ್ಲೇ ಇತ್ತು. ನಾನು ಮೇಲಿಂದ ದಾಟುವಾಗ ಡಿಬಗ್ಗರ್ ಏನು ಮಾಡುತ್ತದೆ? ಒಳಗಿನ ಕೆಲಸವನ್ನು ಒಂದೇ ಓಟದಲ್ಲಿ ಮುಗಿಸಿ ಬಂದು, ಆಮೇಲೆ ಅಂಕಿಯನ್ನು ನೋಡುತ್ತದೋ? ಹಾಗಾದರೆ ಅದು ನಿಲ್ಲುವುದು ಮುಂದಿನ ಸಾಲಿನ ಮೇಲೆ. ಇನ್ನೂ ನಡೆಯದೇ ಇರುವ ಸಾಲಿನ ಮೇಲೆ. ಅದು ಮಲ್ಲುವಿನ ಸಾಲು. ಡಿಬಗ್ಗರ್ ಹಾಗೆ ಮಾಡುತ್ತದೋ ಇಲ್ಲವೋ ಎಂದು ನಾನು ನೋಡಿರಬೇಕಿತ್ತು. ನೋಡಿದ್ದೇನೆ ಎಂದು ಬರೆದು ಸಹಿ ಹಾಕಿದ್ದೆ.

ಅಂದು ಭಾನುವಾರ. ಆಫೀಸಿಗೆ ಬೀಗ, ಕೀಲಿ ಸಾಹೇಬರ ಹತ್ತಿರ. ನಾನು ಮಲಪ್ರಭೆಯ ಸೇತುವೆಯವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಕೆಳಗೆ ನೀರು ಬತ್ತಿ ಬಂಡೆ ಕಾಣುತ್ತಿತ್ತು, ಹೆಂಗಸರು ಕೌದಿ ಒಗೆಯುತ್ತಿದ್ದರು. ಹೇಳದೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಎರಡು ಮೂರು ಸಲ ಬಂತು. ನನ್ನದೂ ಇನ್ನೂ ಕಾಯಂ ಆಗದ ಕೆಲಸ. ಆದರೆ ಬಿಸಿಲಲ್ಲಿ ಕೈಮುಗಿದು ನಿಂತ, ನಾನು ಕಂಡೇ ಇಲ್ಲದ ಆ ಮನುಷ್ಯ ಕಣ್ಣೆದುರಿಗೆ ಬರುತ್ತಿದ್ದರು.

ಸೋಮವಾರ ಮೊದಲ ಗಾಡಿಗೆ ಹೋಗಿ, ಸಾಹೇಬರು ಬಂದು ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಚಹಾ ಕುಡಿಯಲೂ ಬಿಡದೆ ಅವರನ್ನು ಯಂತ್ರದ ಮುಂದೆ ಕೂರಿಸಿದೆ. ಅದೇ ಕಾವಲು, ಅದೇ ಸುಳ್ಳು ಶಾಖ. ಮೊದಲು ದಾಟಿದೆ. ಬಾಣ ಮಲ್ಲುವಿನ ಸಾಲಿನ ಮೇಲೆ. ಮತ್ತೆ ಮೊದಲಿಂದ ನಡೆಸಿ, ಈ ಸಲ ಶಾಖ ತೋರಿಸುವ ಕೆಲಸದ ಒಳಗೆ ಇಳಿದೆ. ಒಂದು ಸಾಲು, ಇನ್ನೊಂದು ಸಾಲು. ಜನ್ಮದಲ್ಲಿ ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಹನ್ನೊಂದನೆಯ ಸಾಲಿಗೆ ಡಿಬಗ್ಗರ್ ನಿಂತಿತು. ಸಾಹೇಬರು ಅಲ್ಲಿ ಮೂರು ಅಂಕೆಗೆ ಮಾತ್ರ ಜಾಗ ಇಟ್ಟಿದ್ದರು. ಶಾಖ ಸಾವಿರ ಮುಟ್ಟಿ ನಾಲ್ಕನೆಯ ಅಂಕೆ ಬಂದಾಗ ಅದು ಪಕ್ಕದ ಮನೆಗೆ ಚೆಲ್ಲುತ್ತಿತ್ತು. ಪಕ್ಕದ ಮನೆಯಲ್ಲಿದ್ದದ್ದೇ ನಾವು ಕಾವಲಿಟ್ಟ ಅಂಕಿ. ಹಳೆಯ ಪೆಟ್ಟಿಗೆಗಳಾಗಲಿ, ಮೊದಲ ಎರಡು ಭಟ್ಟಿಗಳಾಗಲಿ ಸಾವಿರದವರೆಗೆ ಹೋಗಿರಲಿಲ್ಲ.

"ದಾಟಿ ನೋಡೂ ಪರೀಕ್ಷಾ ನಾ ಮಾಡಿದ್ದಿಲ್ರಿ ಸರ್. ಮಾಡೀನಿ ಅಂತ ಬರದೆ" ಎಂದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ತಮ್ಮ ಸಾಲು, ತಮ್ಮ ಡಿಬಗ್ಗರ್, ಎರಡೂ ಕಣ್ಣೆದುರಿಗಿದ್ದವು. "ಮಲ್ಲಿಕಾರ್ಜುನಗ ನಾಳಿ ಬಾ ಅಂತ ಹೇಳಿ ಕಳಸ್ತೀನಿ" ಎಂದರು. ಕನ್ನಡಕ ಹಾಕಿಕೊಂಡು, "ಖಾನಾಪುರದವ್ರಿಗೆ ಇದೆಲ್ಲಾ ಬಿಡಿಸಿ ಹೇಳೂದು ಬ್ಯಾಡ. ಪ್ರೋಗ್ರಾಮು ರಿಪೇರಿ ಆತು ಅಂದ್ರ ಸಾಕು" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ಮಲ್ಲು ಬಂದ. ನಡೆದದ್ದೆಲ್ಲ ಅವನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಹನ್ನೆರಡು ದಿನ ಆ ಸಾಲು ಬಾಯಿಪಾಠ ಮಾಡೀನಿ ನಾ, ಎಲ್ಲಿ ತಪ್ಪೈತಿ ಅಂತ" ಎಂದಷ್ಟೇ ಹೇಳಿದ. ನನ್ನನ್ನು ಕಾಡಿಸುವುದನ್ನು ಬಿಟ್ಟುಬಿಟ್ಟ.

ಗುರುವಾರ ಮಧ್ಯಾಹ್ನ ಕೆಳಗಿನ ಕಾವಲುಗಾರ ಬಂದು ಯಾರೋ ನಿಮ್ಮನ್ನು ಕೇಳುತ್ತಿದ್ದಾರೆ ಎಂದ. ಇಳಿದು ಹೋದರೆ ಗೇಟಿನ ಹತ್ತಿರ ಎತ್ತರದ ಒಬ್ಬ ಹಿರಿಯರು ನಿಂತಿದ್ದರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಉಗುರಿನ ಸಂದಿಯಲ್ಲಿ ಮರದ ಪುಡಿ. ಹೆಸರು ಹೇಳುವ ಮೊದಲೇ ಯಾರೆಂದು ಗೊತ್ತಾಯಿತು.

"ನೀವೇನವ್ವಾ ಖರೇ ಹೇಳಿದವ್ರು?" ಎಂದು ಈರಪ್ಪ ಕೇಳಿದರು.

"ಹೌದ್ರಿ. ತಪ್ಪು ಮಾಡಿದಾಕಿನೂ ನಾನ."

"ನನ್ನ ಮಗಗ ಕೆಲಸ ತಿರಿಗಿ ಸಿಕ್ತು, ಅದಕ್ಕ ನಿಮಗ ಶರಣು. ಆದ್ರ ನಾ ಖಾನಾಪುರದಾಗ ಕೈ ಮುಗದೀನಿ. ಅಲ್ಲಿ ಇನ್ನೂ ನನ್ನ ಮಗ ತಪ್ಪ್ಯಾನ ಅಂತನ ಐತಿ. ನಾ ಹೋಗಿ ಹೇಳಿದ್ರ, ಅಪ್ಪ ಮಗನ ಪಕ್ಷಾ ಹಿಡದಾನ ಅಂತಾರ." ಅವರು ಕೈಬೆರಳು ಒಂದೊಂದಾಗಿ ಒತ್ತಿಕೊಂಡರು. "ನೀವು ಬಂದು, ನಾ ನಿಂತ ಜಾಗಾದಾಗ ನಿಂತು ಹೇಳ್ತೀರೇನು?"

ಸಾಹೇಬರು ಬೇಡ ಎಂದಿದ್ದು ನೆನಪಿತ್ತು. ಮೇಲೆ ಕಿಟಕಿಯಲ್ಲಿ ಅವರು ನಿಂತಂತೆಯೂ ಕಂಡಿತು. "ಭಾನುವಾರ ಬರ್ರಿ. ನಾ ಸ್ಟೇಷನ್ನಿಗೆ ಬಂದಿರ್ತೀನಿ" ಎಂದೆ.

ಭಾನುವಾರ ಅವರು ಒಬ್ಬರೇ ಬಂದರು, ಮಲ್ಲುವಿಗೆ ತಿಳಿಸಿರಲಿಲ್ಲ. ನಾನು ಯಾವಾಗಿನ ಹಾಗೆ ಮುಂದೆ ಮುಂದೆ ಹೋಗುವುದು, ನಿಂತು ಕಾಯುವುದು, ಮತ್ತೆ ಹೊರಡುವುದು. ಅವರು ಒಂದೇ ನಡಿಗೆಯಲ್ಲಿ ಬಂದರು. ಸೊಟ್ಟ ಹಂಚಿನ ರಾಶಿ ಇನ್ನೂ ಅಂಗಳದಲ್ಲೇ ಬಿದ್ದಿತ್ತು. ಅದರ ಬಾಜು ಒಂದು ಜಾಗ ನೋಡಿ, "ಇಲ್ಲಿ" ಎಂದರು.

ಮಾಲೀಕರು ಹೊರಗೆ ಬಂದರು. ನಾರಾಯಣ ಮಾಮಾ ಭಟ್ಟಿ ಬಿಟ್ಟು ಬಂದರು. ಮಣ್ಣು ತುಳಿಯುವವರು, ಹಂಚು ಹೊರುವ ಹೆಂಗಸರು, ಹತ್ತು ಹದಿನೈದು ಜನ ಸುತ್ತ ನಿಂತರು, ಅರ್ಧಕ್ಕರ್ಧ ಮರಾಠಿ ಮಾತಿನವರು. ಡಿಬಗ್ಗರ್, ಕಾವಲು, ಇಳಿಯುವುದು, ದಾಟುವುದು, ಎಲ್ಲ ವಿವರಿಸಬೇಕೆಂದು ರಾತ್ರಿಯೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. "ಇವರ ಮಗನ ತಪ್ಪಲ್ರಿ ಅದು. ನೋಡೂ ಕೆಲಸ ನಂದಿತ್ತು. ನಾ ನೋಡಲಿಲ್ಲ, ನೋಡೀನಿ ಅಂತ ಬರದೆ. ಅದಕ್ಕ ಅವನ ಹೆಸರು ಬಂತು" ಎಂದೆ. ದನಿ ನಡುಗಿತು.

ಮಾಲೀಕರು ಒಳ್ಳೆಯ ಮನುಷ್ಯ. ಹುಡುಗಿ ಅಳುತ್ತಾಳೇನೋ ಎಂದು ಅವರಿಗೆ ಗಾಬರಿಯಾಗಿರಬೇಕು. "ಇರ್ಲಿ ಬಿಡವ್ವಾ, ಆಗಿದ್ದು ಆತು. ಬರ್ರಿ ಚಹಾ ಕುಡೀರಿ" ಎಂದು ತಿರುಗಿದರು.

ಈರಪ್ಪ ಜಾಗ ಬಿಟ್ಟು ಕದಲಲಿಲ್ಲ. "ಇರ್ಲಿ ಬಿಡು ಅನಬ್ಯಾಡ್ರಿ ಮಾಲಕರ. ನಿಮ್ಮ ಮಗ ತಪ್ಪಿಲ್ಲ ಅನ್ರಿ."

ಮಾಲೀಕರು ನಿಂತರು. ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿಮ್ಮ ಮಗ ತಪ್ಪಿಲ್ರಿ" ಎಂದರು.

"ಮರಾಠ್ಯಾಗೂ ಅನ್ರಿ. ಅವತ್ತ ನಾ ಎರಡರಾಗೂ ಕ್ಷಮಾ ಕೇಳೀನಿ."

ಮಾಲೀಕರು ಸುತ್ತ ನಿಂತವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಮರಾಠಿಯಲ್ಲೂ ಹೇಳಿದರು.